ಅಡಿಕೆ ಎಳೆದ ಯಂತ್ರ

ಮೊನ್ನೆ ವ್ಯಾಕ್ಯೂಮ್ ಕ್ಲೀನರ್ ಮಾರುವವರೊಬ್ಬರು ನಮ್ಮ ಮನೆ ಬಾಗಿಲಿಗೆ ಬಂದಿದ್ದರು. ಕೊರಳಲ್ಲಿ ಟೈ, ಕೈಯಲ್ಲಿ ಪೆಟ್ಟಿಗೆ, ಬಾಯಲ್ಲಿ ಬರೀ ಅಂಕಿ. ಇಷ್ಟು ವ್ಯಾಟ್ ಪವರ್, ಇಷ್ಟು ಸಕ್ಷನ್, ಬೇರೆಯವರದ್ದಕ್ಕಿಂತ ಇಷ್ಟು ಪಾಲು ಹೆಚ್ಚು ಎಂದು ಒಂದೇ ಉಸಿರಿಗೆ ಹೇಳಿ, ನಾನು ಬೇಡ ಎನ್ನುವಷ್ಟರಲ್ಲಿ ದಿವಾನದ ಹಾಸಿಗೆಗೆ ಅದರ ಮೂತಿ ಹಚ್ಚಿ ಗುಂಡಿ ಒತ್ತಿಯೇಬಿಟ್ಟರು.

"ನೋಡಿ ಸಾರ್, ಹಾಸಿಗೇನೇ ಎದ್ದು ಬರ್ತಾ ಇದೆ. ಸಕ್ಷನ್ ಅಂದ್ರೆ ಇದು!"

ನಾನು ಗೋಡೆ ಹಿಡಿದುಕೊಂಡೆ. "ಮೊದಲು ಅದನ್ನ ಆರ್ಸಿ," ಎಂದೆ. "ಮುಂದೆ ಎಷ್ಟು ಎಳೆಯುತ್ತೆ ಅಂತ ನಾನು ಕೇಳಿಲ್ಲ. ಹಿಂದೆ ಏನು ಬಿಡುತ್ತೆ, ಅದನ್ನ ಹೇಳಿ."

ಅವರು ಪಾಪ ಕಕ್ಕಾಬಿಕ್ಕಿಯಾಗಿ, ಕರಪತ್ರವನ್ನೆಲ್ಲ ತಿರುವಿಹಾಕಿ, ಕೊನೆಗೆ ಮುಚ್ಚಳ ತೆಗೆದು ಒಳಗಿನ ಚೀಲ ತೋರಿಸಿದರು. ನಾನು ಆ ಚೀಲವನ್ನು ಬೆಳಕಿಗೆ ಹಿಡಿದು ನೋಡಿದೆ, ಹೊಲಿಗೆಯ ಮೇಲೆ ಬೆರಳಾಡಿಸಿದೆ, ಎರಡು ಸಲ ಕೊಡವಿದೆ. ಕಾಫಿ ಕೊಟ್ಟು ಅವರನ್ನು ಕಳಿಸಿದ ಮೇಲೆ ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಇದೆಂಥ ಮನುಷ್ಯನಪ್ಪ ಎಂದು ನಿಮಗೆ ಅನ್ನಿಸಿರಬಹುದು. ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಐವತ್ತರ ದಶಕದ ಕೊನೆಯ ಮಾತು. ನಾನಾಗ ಶಿಕಾರಿಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಪಾಠ ವಿಜ್ಞಾನ, ಹುಚ್ಚು ಅಳತೆಯದು. ಯಾವುದನ್ನು ಅಳೆಯಲಾಗುವುದಿಲ್ಲವೋ ಅದು ಇಲ್ಲವೇ ಇಲ್ಲ ಎಂದು ತರಗತಿಯಲ್ಲಿ ಮೇಜು ಗುದ್ದಿ ಹೇಳುತ್ತಿದ್ದೆ. ಅನ್ನಕ್ಕೆ ನೀರೆಷ್ಟು ಎಂದು ಅವ್ವನಿಗೆ ಅಳೆದುಕೊಡಲು ಹೋಗಿ ಅಡುಗೆಮನೆಯಿಂದ ಹೊರಗೆ ಅಟ್ಟಿಸಿಕೊಂಡವನು ನಾನು. ಆ ಕಾಲಕ್ಕೆ ಊರಿಗೆ ಕರೆಂಟು ಬಂದು ಕೆಲವು ವರ್ಷವಾಗಿತ್ತು, ನಮ್ಮ ಮನೆಗೆ ಬಂದು ಒಂದು ವರ್ಷ. ಮುಂದೆ ಎಂದಾದರೂ ರೇಡಿಯೋ ಕೊಂಡರೆ ಇರಲಿ ಎಂದು ನಡುಮನೆಯ ಕಂಬಕ್ಕೆ ಒಂದು ಪ್ಲಗ್ ಹಾಕಿಸಿದ್ದೆ. ರೇಡಿಯೋ ಬರಲಿಲ್ಲ, ಪ್ಲಗ್ ಮಾತ್ರ ಎರಡು ಕಣ್ಣು ಬಿಟ್ಟುಕೊಂಡು ಕೂತಿತ್ತು.

ಅವ್ವನ ಬಗ್ಗೆ ಹೇಳಬೇಕು. ನಮ್ಮಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಅವ್ವ ಮನೆಯನ್ನು ಆಳಿದ್ದು ಕಸಬರಿಗೆಯಿಂದ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಊಟದ ಮೇಲೆ ಒಮ್ಮೆ, ದೀಪ ಹಚ್ಚುವ ಮುಂಚೆ ಒಮ್ಮೆ. ಅವಳ ಹೊಡೆತಕ್ಕೆ ಕಸ ಮಾತ್ರವಲ್ಲ, ಗಾರೆಯ ನೆಲವೇ ಸವೆದು ಮಧ್ಯದಲ್ಲಿ ತಗ್ಗಾಗಿತ್ತು. ನಾನು ಚಿಕ್ಕಂದಿನಲ್ಲಿ ಆ ಸದ್ದಿಗೇ ಏಳುತ್ತಿದ್ದೆ. ನಮ್ಮ ನಡುಮನೆಗೆ ಒಂದು ಗಾಜಿನ ಹೆಂಚಿತ್ತು. ಅದರಿಂದ ಬಿಸಿಲು ಕೋಲಿನಂತೆ ಇಳಿದಾಗ ಅವ್ವ ಎಬ್ಬಿಸಿದ ಧೂಳೆಲ್ಲ ಅದರೊಳಗೆ ಮಿರಮಿರನೆ ಮಿಂಚುತ್ತ ಮೇಲೆ ಕೆಳಗೆ ಆಡುತ್ತಿತ್ತು. ನಾನು ಕಂಬಳಿಯೊಳಗಿಂದಲೇ ಅವನ್ನು ಎಣಿಸುತ್ತಿದ್ದೆ. ನೂರರ ಹತ್ತಿರ ಬರುವಷ್ಟರಲ್ಲಿ ಅವ್ವ ಕಂಬಳಿ ಎಳೆಯುತ್ತಿದ್ದಳು. ಲೋಕದಲ್ಲಿ ಅಷ್ಟು ಚೆಂದದ ವಸ್ತು ಇನ್ನೊಂದಿಲ್ಲ ಎಂದುಕೊಂಡಿದ್ದೆ. ಅದು ಒಬ್ಬರ ಎದೆಯೊಳಗೆ ಹೋದರೆ ಏನಾಗುತ್ತದೆಂದು ನನಗೆ ಯಾರು ಹೇಳಬೇಕಿತ್ತು?

ಗಿರಿಜೆ ಸೊರಬದವಳು. ಮದುವೆಯಾಗಿ ನಮ್ಮ ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ನಾನು ಎದ್ದಾಗ ಅವಳು ನಡುಮನೆಯ ಕಂಬ ಹಿಡಿದುಕೊಂಡು, ಹೆಗಲು ಎತ್ತಿಕೊಂಡು ನಿಂತಿದ್ದಳು. ಉಸಿರು ಸುಂಯ್ ಎಂದು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಮಾತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಏನಾಯಿತು ಎಂದರೆ, "ಎಂತ ಇಲ್ಲ, ಕಣ್ರೀ. ಈಗ ಹೋಗ್ತದೆ," ಎಂದಳು. ಅಷ್ಟು ಹೇಳಲು ಅವಳು ನಡುವೆ ಎರಡು ಸಲ ನಿಲ್ಲಿಸಿದಳು. ತವರಿನಲ್ಲಿದ್ದಾಗ ವರ್ಷಕ್ಕೊಮ್ಮೆ ಬರುತ್ತಿದ್ದ ದಮ್ಮು ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲ ಬರತೊಡಗಿತು.

ಆಸ್ಪತ್ರೆಯ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಇಟ್ಟು ನೋಡಿ, ಮಾತ್ರೆ ಬರೆದುಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ಮಾತ್ರೆ ಏನೋ ಕೊಟ್ಟಿದೀನಿ. ಆದ್ರೆ ಈಯಮ್ಮನಿಗೆ ಧೂಳು ಆಗಲ್ಲ. ಮನೇಲಿ ಧೂಳು ಏಳೋದು ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ಇವರನ್ನ ಆ ಮನೇಲಿ ಇಡಬೇಡಿ."

ಅವ್ವನಿಗೆ ಈ ಮಾತು ಹೇಳಲು ನಾನು ಎರಡು ದಿನ ಧೈರ್ಯ ಕೂಡಿಸಬೇಕಾಯಿತು. ಹೇಳಿದಾಗ ಅವಳು ಕಸಬರಿಗೆಯನ್ನು ನೆಲಕ್ಕೆ ಕುಟ್ಟಿದಳು.

"ಕಸ ಹೊಡೆದ್ರೆ ದಮ್ಮು ಬರ್ತೈತಾ? ನಿಮ್ಮಪ್ಪ ಹೋದಾಗಿಂದ ಹೊಡೀತಾ ಇದೀನಿ, ನಿನಗೆ ಬಂತಾ, ನನಗೆ ಬಂತಾ? ಕಸ ಹೊಡೀದೆ ಇರೋ ಮನೆ ಮನೆಯೇನೋ? ಹಂಗಂತ ಹೊರಗೆ ಯಾರ ಹತ್ರಾನೂ ಅನ್ನಬ್ಯಾಡ. ಸೊಸೆಗೆ ದಮ್ಮು ಐತೆ ಅಂತ ಕೇರಿಯೆಲ್ಲ ಆಡ್ಕೊಂತಾರೆ."

ಅಷ್ಟರಲ್ಲಿ ಸೊರಬದಿಂದ ಮಾವನವರ ಕಾಗದ ಬಂತು. ಅವರು ತಾಲ್ಲೂಕು ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು, ಅಳಿಯನಿಗೆ ಬರೆದರೂ ಅದೇ ಧಾಟಿ. 'ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಚಿರಂಜೀವಿ ಗಿರಿಜೆಯ ಉಸಿರಾಟದ ವಿಚಾರವಾಗಿ ದೀಪಾವಳಿಯವರೆಗೆ ಕಾಯತಕ್ಕದ್ದು, ಅಷ್ಟರೊಳಗೆ ಗುಣ ಕಾಣದಿದ್ದಲ್ಲಿ ಆಕೆಯನ್ನು ಇಲ್ಲಿಗೆ ಕರೆದುತರತಕ್ಕದ್ದು.' ಓದಿ ನನಗೆ ನಗು ಬರಬೇಕಿತ್ತು, ಬರಲಿಲ್ಲ. ದೀಪಾವಳಿಗೆ ಎರಡೇ ತಿಂಗಳಿತ್ತು. ಹೀಗೆ ತವರಿಗೆ ಹೋದ ಹೆಂಡತಿಯರು ಮತ್ತೆ ಬಾರದೆ ಉಳಿದದ್ದನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೆ. ನನಗೆ ಗಿರಿಜೆ ಬೇಕಾಗಿದ್ದಳು. ಅದನ್ನು ಅವಳಿಗೆ ಹೇಳುವ ಬಾಯಿ ಆ ಕಾಲದ ಗಂಡಸರಿಗೆ ಇರಲಿಲ್ಲ, ಅಷ್ಟೇ.

ಧೂಳು ಎಬ್ಬಿಸದೆ ಕಸ ತೆಗೆಯುವುದು ಹೇಗೆ? ಉತ್ತರ ನನಗೆ ಇಂಗ್ಲಿಷ್ ಪತ್ರಿಕೆಯೊಂದರ ಜಾಹೀರಾತಿನಲ್ಲಿ ಸಿಕ್ಕಿತು. ಕಸವನ್ನು ಗುಡಿಸುವುದಲ್ಲ, ಎಳೆದುಕೊಳ್ಳುವುದು!

ಎಳೆಯುವುದೆಂದರೆ ನನಗೆ ಮೊದಲಿನಿಂದಲೂ ಒಂದು ಮೋಹ. ಚಿಕ್ಕವನಿದ್ದಾಗ ಪಪ್ಪಾಯಿ ಎಲೆಯ ದಂಟನ್ನು ಕೊಳವೆ ಮಾಡಿ ಅವ್ವ ಮಡಿಯಲ್ಲಿ ತಂದಿಟ್ಟ ಹಂಡೆಯ ನೀರನ್ನು ಬಾಯಿಂದ ಎಳೆದು ಹೊರಕ್ಕೆ ಹರಿಸಿದ್ದೆ. ಒಮ್ಮೆ ಎಳೆದರೆ ಸಾಕು, ಆಮೇಲೆ ನೀರು ತಾನೇ ಬರುತ್ತಿರುತ್ತದೆ ಎಂಬುದು ನನ್ನ ಶೋಧ. ಹಂಡೆ ಖಾಲಿಯಾದದ್ದು, ಬೆನ್ನ ಮೇಲೆ ಬಿದ್ದದ್ದು, ಎರಡೂ ಒಟ್ಟಿಗೇ ನೆನಪಿದೆ. ದೊಡ್ಡವನಾದ ಮೇಲೆ ಶಾಲೆಯ ಪ್ರಯೋಗಶಾಲೆಯಲ್ಲಿ ಗಾಳಿ ಎಳೆಯುವ ಕೈಪಂಪು ಸಿಕ್ಕಿತು. ಗಂಟೆಯಾಕಾರದ ಗಾಜಿನ ಪಾತ್ರೆಯೊಳಗೆ ಕಿಣಿಕಿಣಿ ಎನ್ನುವ ಬೆಲ್ ಇಟ್ಟು, ಗಾಳಿ ಎಳೆಯುತ್ತ ಹೋದಂತೆ ಸದ್ದು ಸಣ್ಣದಾಗಿ ನಿಂತೇ ಹೋಗುವುದನ್ನು ಮಕ್ಕಳಿಗೆ ತೋರಿಸಿ ಹೆಮ್ಮೆಯಿಂದ ಮೀಸೆ ತಿರುವುತ್ತಿದ್ದೆ. ಗಾಳಿಯಿಲ್ಲದ ಕಡೆ ಏನೇನು ನಿಲ್ಲುತ್ತದೆ ಎಂಬ ಪಾಠವನ್ನು ಮೇಷ್ಟ್ರೇ ಸರಿಯಾಗಿ ಕಲಿತಿರಲಿಲ್ಲ.

ವಿಚಾರಿಸಲಾಗಿ, ನಮ್ಮ ಸುತ್ತಿನಲ್ಲಿ ಅಂಥ ಯಂತ್ರಗಳು ಎರಡಿದ್ದವು. ಒಂದು ಶಿಕಾರಿಪುರದಲ್ಲೇ, ವರ್ಗವಾಗಿ ಹೊರಟಿದ್ದ ಇಂಜಿನಿಯರೊಬ್ಬರ ಮನೆಯಲ್ಲಿ. ವರ್ಗವಾದವರು ಗಾಡಿಗೆ ಹೊರೆಯಾಗುವ ಸಾಮಾನನ್ನು ಊರಲ್ಲೇ ಬಿಟ್ಟುಹೋಗುವುದು ಪದ್ಧತಿ. ಇನ್ನೊಂದು ಸೊರಬದ ಅಡಿಕೆ ಮಂಡಿಯೊಂದರಲ್ಲಿ. ಅದನ್ನು ಪತ್ತೆಮಾಡಿದವರು ಮಾವನವರೇ. ಎರಡರಲ್ಲಿ ಯಾವುದು? ನೀವಾದರೆ ಯಾವುದು ಚೆನ್ನಾಗಿದೆ ಎಂದು ನಾಲ್ಕು ಜನರನ್ನು ಕೇಳುತ್ತಿದ್ದಿರಿ. ನಾನು ಪ್ರಯೋಗಶಾಲೆಯಿಂದ ಯು ಆಕಾರದ ಗಾಜಿನ ಕೊಳವೆ ತಂದು, ಅದರಲ್ಲಿ ಕೆಂಪು ಇಂಕು ಬೆರೆಸಿದ ನೀರು ತುಂಬಿದೆ. ಕೊಳವೆಯ ಒಂದು ತುದಿಗೆ ಯಂತ್ರದ ಮೂತಿ ಹಚ್ಚಿದರೆ ನೀರು ಎಷ್ಟು ಮೇಲೇರುತ್ತದೋ ಅಷ್ಟು ಅದರ ಎಳೆತ. ಇದಕ್ಕಿಂತ ಖಚಿತವಾದದ್ದು ಇನ್ನೇನು ಬೇಕು?

ಇಂಜಿನಿಯರ ಮನೆಯದು ಬೂದು ಬಣ್ಣದ ಸಣ್ಣ ಯಂತ್ರ. ಬೆನ್ನಿಗೆ ದಪ್ಪ ಬಟ್ಟೆಯ ಚೀಲ ಜೋತುಬಿದ್ದಿತ್ತು. ಇಂಜಿನಿಯರ ಹೆಂಡತಿ ಬಹಳ ಸಂಭಾವಿತ ಹೆಂಗಸು. "ಹಾಕಿ ನೋಡಿ, ನಮ್ಮನೇಲಿ ಧೂಳೇ ಇರ್ತಿರಲಿಲ್ಲ," ಎಂದರು. ನೀರು ಒಂದು ಗೇಣೂ ಏರಲಿಲ್ಲ. ಚೀಲದಲ್ಲಿ ಗಾಳಿ ತುಂಬಿ ಮೆಲ್ಲಗೆ ಉಸಿರಾಡುತ್ತ ಕೂತ ಆ ಯಂತ್ರ ನನಗೆ ತೀರ ಸಪ್ಪೆಯಾಗಿ ಕಂಡಿತು. ಕೈ ಮುಗಿದು ಬಂದೆ.

ಮುಂದಿನ ಭಾನುವಾರ ಕೊಳವೆಯನ್ನು ಟವೆಲಿನಲ್ಲಿ ಸುತ್ತಿ, ಮಗುವಿನಂತೆ ಎದೆಗೊತ್ತಿ ಹಿಡಿದು, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಸೊರಬಕ್ಕೆ ಹೋದೆ. ಮಂಡಿಯ ಸಾಹುಕಾರರು ಬಿಳಿ ಪಂಚೆ, ಬಿಳಿ ಬನಿಯನ್ನಿನಲ್ಲಿ ಕೂತಿದ್ದರು. ಯಂತ್ರವನ್ನು ಇಬ್ಬರು ಹಮಾಲರು ಎತ್ತಿ ತಂದರು. ಕಬ್ಬಿಣದ ಉರುಟು ಪೀಪಾಯಿ, ಮುಂದೆ ತೋಳು ದಪ್ಪದ ಸೊಂಡಿಲು, ಹಿಂದೆ ಬೋಳು ತೂತು.

"ಚೀಲ ಎಲ್ಲಿ ಸಾಹುಕಾರ್ರೆ?" ಎಂದೆ.

"ಅದನ್ನ ತೆಗೆದು ಒಗೆದು ಎಷ್ಟೋ ದಿನ ಆಯ್ತು ಮಾರಾಯ್ರೆ. ಚೀಲ ಇದ್ರೆ ಗಾಳಿಗೆ ಅಡ್ಡ. ಈಗ ನೋಡಿ ಹೆಂಗೆ ಎಳೀತದೆ," ಎಂದವರೇ ತಮ್ಮ ಲೋಕದ ಪರೀಕ್ಷೆ ಶುರುಮಾಡಿದರು. ಮೊದಲು ಹೊಟ್ಟು ಸುರಿದರು. ಹೋಯಿತು. ಆಮೇಲೆ ಜೊಳ್ಳು, ಆಮೇಲೆ ಗಟ್ಟಿ ಭತ್ತ. ಹೋಯಿತು. ಕೊನೆಗೆ ಒಂದು ಒಣ ಅಡಿಕೆಯನ್ನು ನೆಲದ ಮೇಲಿಟ್ಟರು. ಮಂಡಿಯವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಸೊಂಡಿಲು ಹತ್ತಿರ ಹೋಗುತ್ತಲೇ ಅಡಿಕೆ ಉರುಳಿತು, ನಿಂತಿತು, ಟಣ್ಣೆಂದು ಒಳಗೆ ಹಾರಿತು. ಆ ಸೀಮೆಯಲ್ಲಿ ಅಡಿಕೆ ಗೆದ್ದ ಮೇಲೆ ಬೇರೆ ಸಾಕ್ಷಿ ಬೇಕಿಲ್ಲ.

ನನ್ನ ಕೊಳವೆಯೂ ಸಾಕ್ಷಿ ಹೇಳಬೇಕಲ್ಲ? ಮೂತಿಗೆ ಹಚ್ಚಿದೆ. ಕೆಂಪು ನೀರು ಸರ್ರನೆ ಏರಿತು, ಕೊಳವೆಯ ಅಂಚನ್ನೂ ದಾಟಿತು, ಪೂರ್ತಿ ಯಂತ್ರದೊಳಗೆ ಹೋಯಿತು. ಮರುಕ್ಷಣ ಹಿಂದಿನ ತೂತಿನಿಂದ ಸೊರ್ರೆಂದು ಹಾರಿ ಸಾಹುಕಾರರ ಬಿಳಿ ಬನಿಯನ್ನಿನ ತುಂಬ ಕೆಂಪು ಚುಕ್ಕೆಯಾಯಿತು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು, ಸಾಹುಕಾರರೂ ನಕ್ಕರು, ನಾನಂತೂ ಅಳತೆಯನ್ನೂ ಮೀರಿದ ಎಳೆತ ಕಂಡ ಸಂತೋಷದಲ್ಲಿ ಕುಣಿಯುವುದೊಂದು ಬಾಕಿ.

ನಗದೆ ಇದ್ದವರು ಮಾವನವರೊಬ್ಬರೇ. "ಅಳಿಯಂದ್ರೆ, ಮುಂದೆ ಹೋಗಿದ್ದೆಲ್ಲ ಹಿಂದೆ ಬಂತಲ," ಎಂದರು ಮೆಲ್ಲಗೆ.

"ಹಿಂಬದಿಯನ್ನ ಬಾಗಿಲ ಹೊರಗೆ ಮುಖ ಮಾಡಿ ಇಟ್ಟರೆ ಆಯ್ತು ಮಾವ. ಧೂಳು ಬೀದಿಗೆ ಹೋಗುತ್ತೆ," ಎಂದೆ. ಇಂಥ ಸುಲಭದ ವಿಷಯವೂ ಅರ್ಜಿ ಬರೆಯುವವರಿಗೆ ಹೊಳೆಯುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆ ಮಾತು ನೆನಪಾದರೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಸಾಹುಕಾರರು ದೊಡ್ಡ ಮನಸ್ಸಿನವರು. ಒಂದು ತಿಂಗಳು ಇಟ್ಟುಕೊಂಡು ನೋಡಿ, ದುಡ್ಡಿನ ಮಾತು ಆಮೇಲೆ ಎಂದು ಯಂತ್ರವನ್ನು ಬಸ್ಸಿನ ಮೇಲೆ ಹಾಕಿಸಿಕೊಟ್ಟರು. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡುತ್ತಲೇ ಬಂದೆ.

ಗಿರಿಜೆ ಯಂತ್ರದ ಸುತ್ತ ಒಂದು ಸುತ್ತು ಬಂದಳು. ಹಿಂದಿನ ತೂತಿಗೆ ಕೈಯಿಟ್ಟಳು. "ರೀ, ಇದಕ್ಕೊಂದು ಚೀಲ ಬೇಕಲ್ವಾ? ಹಳೇ ಜಮಖಾನೆಯ ಬಟ್ಟೆ ಇದೆ. ಎರಡು ಪದರ ಮಾಡಿ ಇವತ್ತೇ ಹೊಲಿದು ಕೊಡ್ತೆ."

"ಬೇಡ. ಚೀಲ ಹಾಕಿದ್ರೆ ಎಳೆತ ಕಡಿಮೆ ಆಗುತ್ತೆ."

"ಕಡಿಮೆ ಆದ್ರೆ ಆಗ್ಲಿ, ಕಣ್ರೀ. ನನಗೆ ಅಡಿಕೆ ಎಳೆಯೋದು ಬೇಡ. ಧೂಳು ಹೊರಗೆ ಬರದಿದ್ರೆ ಸಾಕು."

"ನಿನಗೆ ಗೊತ್ತಾಗಲ್ಲ, ಸುಮ್ಮನಿರು," ಎಂದೆ. ಇದನ್ನು ನಾನು ಮರೆಮಾಚದೆ ಹೇಳುತ್ತಿದ್ದೇನೆ. ಉಸಿರು ಅವಳದು, ಚೀಲ ಬೇಕೆಂದವಳು ಅವಳು, ಗೊತ್ತಾಗುವುದಿಲ್ಲ ಎಂದವನು ನಾನು. ಅವಳು ಜಮಖಾನೆಯನ್ನು ಮಡಿಸಿ ಪೆಟ್ಟಿಗೆಯೊಳಗೆ ಇಟ್ಟಳು.

ದಸರೆಯ ರಜೆ. ಅಟ್ಟದ ಮೇಲಿನ ಹಳೆಯ ಗೋಣಿ, ಹಾಸಿಗೆ, ಗೋಡೆಯ ಜೇಡರಬಲೆ, ಎಲ್ಲವನ್ನೂ ಒಂದೇ ಬೆಳಿಗ್ಗೆ ಮುಗಿಸಿಬಿಡುವುದೆಂದು ತೀರ್ಮಾನವಾಯಿತು. ಕೇರಿಯವರು ಯಾರು ಹೇಳಿದರೋ, ಒಬ್ಬೊಬ್ಬರೇ ಬಂದು ನೆರೆದರು. ಗಿರಿಜೆಯನ್ನು ಎದುರುಮನೆಯಲ್ಲಿ ಕೂರಿಸಿ ಬಂದಿದ್ದೆ. ಯಂತ್ರವನ್ನು ಬಾಗಿಲಿಗೆ ಹಿಂಬದಿ ಮಾಡಿ ಇಡಲು ಹೋದರೆ ವೈರು ಸಾಲದು! ಪ್ಲಗ್ ಇರುವುದು ನಡುಮನೆಯ ಕಂಬಕ್ಕೆ. ನೀರಿನ ಎಳೆತವನ್ನು ಕೂದಲೆಳೆಯಷ್ಟೂ ಬಿಡದೆ ಅಳೆದ ಮಹಾನುಭಾವ ವೈರಿನ ಉದ್ದ ಅಳೆದಿರಲಿಲ್ಲ. ಇನ್ನೊಂದು ದಿನ ವೈರು ತಂದು ಮಾಡಬಹುದಿತ್ತು. ಆದರೆ ಬಾಗಿಲ ತುಂಬ ಜನ ನಿಂತಿದ್ದರು. "ಮೇಷ್ಟ್ರೇ, ಶುರು ಮಾಡ್ರಿ, ಅಡಿಕೆ ಎಳೀತೈತಂತಲ್ಲ!" ಎಂದು ಯಾರೋ ಕೂಗಿದರು. ಬಾಗಿಲು ಹತ್ತು ಹೆಜ್ಜೆ ದೂರವಷ್ಟೇ, ಗಾಳಿ ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಗುಂಡಿ ಒತ್ತಿದೆ.

ಮೊದಲ ಗೋಣಿಗೆ ಸೊಂಡಿಲು ಹಚ್ಚಿದಾಗ ಜನ ಹೋ ಎಂದರು. ಎರಡನೆಯ ಗೋಣಿಗೆ ಹೋ ಎಂದವರು ಕೆಮ್ಮತೊಡಗಿದರು. ನನ್ನ ಕಣ್ಣು ಸೊಂಡಿಲಿನ ಮೇಲಿತ್ತು, ಬೆನ್ನ ಹಿಂದೆ ಏನಾಗುತ್ತಿದೆ ಎಂದು ನೋಡಲಿಲ್ಲ. ಹಳೆಯ ಹಾಸಿಗೆಯ ಹತ್ತಿಪುಡಿ, ಗೋಣಿಯ ನಾರು, ಹತ್ತು ವರ್ಷದ ಅಟ್ಟದ ಧೂಳು, ಎಲ್ಲವನ್ನೂ ಆ ಯಂತ್ರ ಮುಂದೆ ಎಳೆದು ಹಿಂದೆ ನಡುಮನೆಯ ತುಂಬ ಊದುತ್ತಿತ್ತು. ಗಾಜಿನ ಹೆಂಚಿನ ಬಿಸಿಲು ಮಣ್ಣಿನ ಬಣ್ಣಕ್ಕೆ ತಿರುಗಿತು. ಆಗ ಅವ್ವನ ಕೂಗು ಕೇಳಿಸಿತು.

"ಆರ್ಸೋ! ಗಿರಿಜಾ ಒಳಗ್ ಐದಾಳೆ, ಆರ್ಸೋ!"

ಅವಳು ಯಾವಾಗ ಬಂದಳೋ. ತನಗಾಗಿ ತಂದ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಹಿತ್ತಲ ಬಾಗಿಲಿನಿಂದ ಬಂದು ನನ್ನ ಹಿಂದೆಯೇ ನಿಂತಿದ್ದಳಂತೆ. ನಾನು ತಿರುಗಿದಾಗ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಬಾಯಿ ತೆರೆದಿತ್ತು, ಸುಂಯ್ ಎನ್ನುವ ಸದ್ದೂ ಇರಲಿಲ್ಲ. ತುಟಿ ಬೂದಿಯ ಬಣ್ಣವಾಗಿತ್ತು. ನಾನು ಆ ಸೊಂಡಿಲನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ, ಕಾಲು ಏಳಲಿಲ್ಲ.

ಅವ್ವ ಕಾಯಲಿಲ್ಲ. ಗಿರಿಜೆಯನ್ನು ಎರಡು ತೋಳಿನಲ್ಲಿ ತಬ್ಬಿ ಎತ್ತಿ ಹಿತ್ತಲಿಗೆ ತಂದು, ಬಾವಿಕಟ್ಟೆಯ ಹತ್ತಿರ ತನ್ನ ಎದೆಗೆ ಒರಗಿಸಿ ಕೂರಿಸಿಕೊಂಡಳು. ನೋಡಲು ಹಿಂದೆ ಬಂದ ಜನರನ್ನು ಬೈದು ಅಟ್ಟಿದಳು. "ಹೋಗೋ, ನಿಂತ್ಕೊಂಡು ಏನ್ ನೋಡ್ತೀಯೋ, ಡಾಕ್ಟರನ್ನ ಕರ್ಕೊಂಡ್ ಬಾ!" ಎಂದು ನನ್ನ ಮೇಲೆ ಕಿರುಚಿದಾಗ ನನಗೆ ಕಾಲು ಬಂತು.

ಚಪ್ಪಲಿಯಿಲ್ಲದೆ ಓಡಿದೆ. ಡಾಕ್ಟರು ರಜಾದಿನದ ಎಣ್ಣೆನೀರಿನಲ್ಲಿದ್ದರು. ಬಚ್ಚಲಮನೆಯ ಬಾಗಿಲಲ್ಲಿ ನಿಂತು ನಾನು ಏನು ಹೇಳಿದೆನೋ ತಿಳಿಯದು, ಅವರು ತಲೆಯ ಎಣ್ಣೆಯನ್ನೂ ತೊಳೆಯದೆ ಪೆಟ್ಟಿಗೆ ಹಿಡಿದು ಹೊರಟರು. ದಾರಿಯಲ್ಲಿ ನಾನು ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಎಷ್ಟು ಎಣಿಕೆಗೆ ಒಬ್ಬ ಮನುಷ್ಯನ ಉಸಿರು ನಿಲ್ಲುತ್ತದೆಂದು ನನಗೆ ಗೊತ್ತಿರಲಿಲ್ಲ. ನೂರು ದಾಟಿದ ಮೇಲೆ ಎಣಿಸಲು ಹೆದರಿಕೆಯಾಗಿ ಬಿಟ್ಟೆ.

ಇಂಜೆಕ್ಷನ್ ಕೊಟ್ಟು ಡಾಕ್ಟರು ಅವಳ ಕೈ ಹಿಡಿದು ಕೂತರು. ಅವರ ಕೆನ್ನೆಯ ಮೇಲೆ ಎಣ್ಣೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ ಸುಂಯ್ ಎಂಬ ಸದ್ದು ಕೇಳಿಸಿತು. ಆರು ತಿಂಗಳಿಂದ ನಾನು ಯಾವ ಸದ್ದಿಗೆ ಹೆದರಿ ಏಳುತ್ತಿದ್ದೆನೋ ಅದೇ ಸದ್ದು. ಅದನ್ನು ಕೇಳಿ ಅತ್ತುಬಿಟ್ಟೆ. ಅವ್ವ ಮಾತ್ರ ಕದಲಲಿಲ್ಲ. ಅವಳ ಕಿವಿ ಗಿರಿಜೆಯ ಬೆನ್ನಿಗೆ ಅಂಟಿಕೊಂಡಿತ್ತು, ಕಣ್ಣು ಮುಚ್ಚಿತ್ತು. ದಮ್ಮು ಅಂದರೆ ಏನೆಂದು ಅವಳು ಅವತ್ತು ಮೊದಲ ಸಲ ಕೇಳಿಸಿಕೊಂಡಳೆಂದು ಕಾಣುತ್ತದೆ.

ಮೂರನೆಯ ದಿನ ಮಾವನವರು ಬಂದರು. ನಾನು ಅವರ ಮುಂದೆ ಕೈಕಟ್ಟಿ ನಿಂತು, ನೀವು ಹೇಳಿದ್ದು ಸರಿ, ನಿಮ್ಮ ಮಗಳು ಹೇಳಿದ್ದೂ ಸರಿ, ತಪ್ಪು ನನ್ನದು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಆಯ್ತು ಅಳಿಯಂದ್ರೆ. ಸದ್ಯಕ್ಕೆ ಕರ್ಕೊಂಡು ಹೋಗ್ತೆ," ಎಂದರು. ಸದ್ಯಕ್ಕೆ ಎಂದರೆ ಎಲ್ಲಿಯವರೆಗೆ ಎಂದು ಕೇಳುವ ಮುಖ ನನಗಿರಲಿಲ್ಲ. ಗಿರಿಜೆ ಹೋಗುವಾಗ ಬಟ್ಟೆಬರೆಯನ್ನೆಲ್ಲ ಟ್ರಂಕಿನಲ್ಲಿ ತುಂಬಿದಳು, ಒಂದು ಸೀರೆಯನ್ನೂ ಗೂಟದ ಮೇಲೆ ಬಿಡಲಿಲ್ಲ.

ಯಂತ್ರವನ್ನು ಮಂಡಿಗೆ ಹಿಂದಿರುಗಿಸಿದೆ. ದೀಪಾವಳಿಗೆ ಹೊಸ ಅಳಿಯನೆಂದು ಕರೆದರು, ಹೋದೆ. ಎಣ್ಣೆ ಹಚ್ಚಿಸಿಕೊಂಡೆ, ಹೋಳಿಗೆ ತಿಂದೆ, ಯಾವುದರ ರುಚಿಯೂ ತಿಳಿಯಲಿಲ್ಲ. ಗಿರಿಜೆಯ ಮುಖದಲ್ಲಿ ರಕ್ತ ಮರಳಿತ್ತು. ಬಾವಿಯಿಂದ ನೀರು ತಂದು ಏದುಸಿರಿಲ್ಲದೆ ಮಾತಾಡುತ್ತಿದ್ದಳು. ಅವಳನ್ನು ಹಾಗೆ ನೋಡಿ ಸಂತೋಷವಾಗಬೇಕು, ಆಯಿತು ಕೂಡ. ಆದರೆ ಇವಳು ಚೆನ್ನಾಗಿರುವುದು ನಾನಿಲ್ಲದ ಕಡೆ. ಬಸ್ಸು ಹತ್ತಿಸಲು ಬಂದಾಗ ಅವಳು ಕೇಳಿದ್ದು ಒಂದೇ ಮಾತು. "ಅತ್ತೆ ಕಸ ಗುಡಿಸ್ತಾರಾ?"

ಏನು ಹೇಳಲಿ? ಬೆಳಿಗ್ಗೆ ಕಸಬರಿಗೆಯ ಸದ್ದು ಕೇಳಿಸುತ್ತಿರಲಿಲ್ಲವೆಂಬುದು ನಿಜ. ಅವ್ವ ನನ್ನ ಮೇಲೆ ಮುನಿಸಿಕೊಂಡು ಕೈಬಿಟ್ಟಿದ್ದಾಳೆ ಎಂದು ತಿಳಿದುಕೊಂಡಿದ್ದೆ. ನಾನು ಶಾಲೆಗೆ ಹೋಗುವವರೆಗೂ ಅವಳು ಒಲೆಯ ಮುಂದೆ ಕೂತಿರುತ್ತಿದ್ದಳು, ನಾನು ಬರುವಷ್ಟರಲ್ಲಿ ಜಗಲಿಯ ಮೇಲೆ ಕೂತಿರುತ್ತಿದ್ದಳು. ನಮ್ಮಿಬ್ಬರ ನಡುವೆ ಮಾತು ಊಟಕ್ಕಷ್ಟೇ ಇತ್ತು. "ಗೊತ್ತಿಲ್ಲ," ಎಂದೆ. ಗಿರಿಜೆ ತಲೆಯಾಡಿಸಿ ಹಿಂದಕ್ಕೆ ಹೋದಳು.

ಕಾರ್ತಿಕದ ಒಂದು ಬೆಳಿಗ್ಗೆ ಅವ್ವ ಮಡಿಕೆ ಬಿಚ್ಚಿದ ಇಳಕಲ್ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. "ಸೊರಬಕ್ಕೆ ಹೋಗಾನ ನಡಿ," ಎಂದಳು. ಮದುವೆಯ ಮಾತಿಗೂ ಬೀಗರ ಮನೆ ಹೊಸಿಲು ತುಳಿದವಳಲ್ಲ ಅವಳು. ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಯಾಕೆ, ಏನು ಎಂದರೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸೊಸೆಯನ್ನು ಕರೆಯಲು ಹೊರಟಿದ್ದಾಳೋ, ಸಂಬಂಧ ಕಡಿದುಕೊಂಡು ಬರಲೋ, ನನಗೆ ದಾರಿಯುದ್ದಕ್ಕೂ ತಿಳಿಯಲಿಲ್ಲ.

ಮಾವನವರು ಮಣೆ ಹಾಕಿದರು. ಅವ್ವ ಕೂರಲಿಲ್ಲ. ಒಳಗಿನಿಂದ ಬಂದ ಗಿರಿಜೆಯನ್ನು ನೋಡಿ ನಿಂತಲ್ಲಿಂದಲೇ ಹೇಳಿದಳು.

"ಕಸಬರಿಗೆ ಮುಟ್ಟಿಲ್ಲವ್ವ ನಾನು, ನೀನು ಇಲ್ಲಿಗೆ ಬಂದಾಗಿಂದ. ಒದ್ದೆ ಬಟ್ಟೇಲಿ ಒರೆಸ್ತಾ ಇದೀನಿ. ಅಟ್ಟ ಒರೆಸೀನಿ, ಗೋಡೆ ಒರೆಸೀನಿ. ಗೋಣಿಯೆಲ್ಲ ಹೊರಗೆ ಹಾಕೀನಿ. ಒಂದು ಸಲ ಬಂದು ಉಸಿರಾಡಿ ನೋಡು. ಆಗಲಿಲ್ಲ ಅಂದ್ರೆ ನಾನೇ ತಿರುಗಿ ತಂದು ಬಿಡ್ತೀನಿ."

ಗಿರಿಜೆ ಮಣೆಯನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿ, "ಕೂತ್ಕೊಳಿ ಅತ್ತೆ," ಎಂದಳು. ಅವ್ವ ಗೋಡೆ ಹಿಡಿದು ಕೆಳಗಿಳಿಯಲು ನೋಡಿದಳು, ಆಗಲಿಲ್ಲ. ಮೊಣಕಾಲು ಮಡಿಸಲು ಬರುತ್ತಿರಲಿಲ್ಲ. ಗಿರಿಜೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಸೀರೆಯ ಅಂಚನ್ನು ಒಂದಿಷ್ಟು ಮೇಲೆ ಸರಿಸಿದಳು. ಎರಡು ಮೊಣಕಾಲೂ ಕಪ್ಪಾಗಿ ಗಂಟುಗಟ್ಟಿದ್ದವು, ಒಂದರ ಚರ್ಮ ಸುಲಿದು ಬಟ್ಟೆಯ ಚೂರು ಕಟ್ಟಿತ್ತು. ನಲವತ್ತು ದಿನ ಗಾರೆಯ ನೆಲದ ಮೇಲೆ ಮಂಡಿಯೂರಿ ನಡೆದ ಕಾಲು. ನಲವತ್ತು ದಿನವೂ ನಾನು ಅದೇ ಮನೆಯಲ್ಲಿ ಉಂಡು, ಮಲಗಿ, ಎದ್ದಿದ್ದೆ. ನನಗೆ ಕಂಡಿರಲಿಲ್ಲ.

ಗಿರಿಜೆ ಆ ಮೊಣಕಾಲಿನ ಮೇಲೆ ಅಂಗೈ ಇಟ್ಟಳು. ಆಮೇಲೆ ತಲೆಯೆತ್ತದೆ ನನಗೆ ಹೇಳಿದಳು:

"ರೀ, ಟ್ರಂಕು ಒಳಗಿದೆ. ತನ್ನಿ. ಅತ್ತೆಗೆ ನಡೆಯೋಕೆ ಹೊತ್ತು ಹಿಡಿತದೆ, ಈಗಲೇ ಹೊರಟ್ರೆ ಬಸ್ಸು ಸಿಗ್ತದೆ."